ಕಡಲ ಬದಿಯ ಕೋಟೆಮನೆ

ಬೈಂದೂರಿನಿಂದ ಬ್ರಹ್ಮಾವರಕ್ಕೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಬಂದರೆ ಒಂದು ವಿಷಯ ತಿಳಿಯುತ್ತದೆ. ನಮ್ಮ ಕಡೆಯವರು ಕೋಟೆಗಳನ್ನು ಉಳಿಸಿಕೊಳ್ಳಲಿಲ್ಲ, ಹೆಸರನ್ನು ಮಾತ್ರ ಒಂದನ್ನೂ ಬಿಟ್ಟಿಲ್ಲ. ಗಂಗೊಳ್ಳಿಯಲ್ಲಿ ಕೋಟೆ ಇತ್ತಂತೆ, ಕುಂದಾಪುರದಲ್ಲಿ ಇತ್ತಂತೆ, ಬಸ್ರೂರಿನಲ್ಲೂ ಇತ್ತಂತೆ. ಬಾರ್ಕೂರಿನಲ್ಲಿ ಹುಲ್ಲು ಸರಿಸಿದರೆ ಒಂದಿಷ್ಟು ಕಲ್ಲು ಕಾಣಬಹುದು. ಕೋಟದಲ್ಲಿ ಬಸ್ಸಿಳಿದು ಕೋಟೆ ಎಲ್ಲಿ ಎಂದು ಕೇಳಿದರೆ ರಿಕ್ಷಾದವರು ನಿಮ್ಮ ಮುಖ ನೋಡುತ್ತಾರೆ. ಕೋಟೇಶ್ವರದವರು ತಮ್ಮದು ಕೋಟೆಯಲ್ಲ, ಕೋಟಿ, ಸೊನ್ನೆ ಏಳಿರುವ ಕೋಟಿ ಎಂದು ವಾದಕ್ಕೆ ನಿಲ್ಲುತ್ತಾರೆ. ಇನ್ನು ಮನೆಗಳ ಹೆಸರು ಕೇಳುವುದೇ ಬೇಡ. ಕೋಟೆಮನೆ, ಕೋಟೆಹಿತ್ಲು, ಕೋಟೆಬಾಗ್ಲು. ಆಡುವಾಗ ಎಲ್ಲವೂ ‘ಕ್ವಾಟಿ’ಯೇ.

ಆ ಹೆಸರು ನಮ್ಮ ಮನೆಯಲ್ಲಿ ಒಂದು ಎಡವಟ್ಟು ಮಾಡಿತು. ಹೆಸರು ಮಾಡಿತು ಎನ್ನುವುದೂ ಸುಳ್ಳು. ಮಾಡಿದವಳು ನಾನು.

ನಾನು ವನಜ. ಬ್ರಹ್ಮಾವರದಲ್ಲಿ ಬ್ಲೌಸ್ ಹೊಲಿಯುತ್ತೇನೆ. ನನ್ನ ಬಾಯಿ ಜೋರು ಎಂದು ಗಿರಾಕಿಗಳು ಹೇಳುತ್ತಾರೆ, ಹೇಳಿಯೂ ನನ್ನಲ್ಲಿಗೇ ಬರುತ್ತಾರೆ. ಇಷ್ಟು ಜೋರು ಬಾಯಿ ಇದ್ದೂ ಒಂದು ಮಾತನ್ನು ಹದಿನೈದು ವರ್ಷ ನುಂಗಿಕೊಂಡು ಕುಳಿತಿದ್ದೆ. ಅದರಿಂದ ನೋವು ತಿಂದದ್ದು ನನ್ನ ಅತ್ತಿಗೆ ಸುಗುಣ. ಅವಳ ಬಗ್ಗೆ ಬರೆಯಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೆ. ಬರೆದರೆ ಮೊದಲು ನನ್ನ ತಪ್ಪನ್ನೇ ಬರೆಯಬೇಕಲ್ಲ ಎಂದು ಕೈ ಹಿಂದೆ ಸರಿಯುತ್ತಿತ್ತು.

ಸಾವಿರದ ಒಂಬೈನೂರ ತೊಂಬತ್ತೇಳು, ದೀಪಾವಳಿ ಕಳೆದ ವಾರ. ನಮ್ಮ ಮನೆ ಸಾಸ್ತಾನದಿಂದ ಪಡುವಣಕ್ಕೆ, ಕಡಲಿಗೆ ಹತ್ತಿರ. ಅಪ್ಪ ಆಗಲೇ ಇರಲಿಲ್ಲ. ಅಣ್ಣ ಪ್ರೇಮಾನಂದ ಮಲ್ಪೆಯಿಂದ ಬೋಟಿಗೆ ಹೋಗುತ್ತಿದ್ದ. ಇಪ್ಪತ್ತೆಂಟು ದಾಟಿತ್ತು. ಮಾತೆಂದರೆ ಅವನಿಗೆ ಆಗುತ್ತಿರಲಿಲ್ಲ. ಊಟಕ್ಕೆ ಕರೆದರೆ ‘ಹ್ಞೂ’, ಹಸಿವಿಲ್ಲದಿದ್ದರೆ ಅದೂ ಇಲ್ಲ. ಅಮ್ಮ ಅವನಿಗೆ ಆರು ಹೆಣ್ಣು ತೋರಿಸಿದ್ದಳು. ಆರೂ ಮನೆಗಳಲ್ಲಿ ಅವನು ನೆಲ ನೋಡಿ, ಅವಲಕ್ಕಿ ತಿಂದು, ಎದ್ದು ಬಂದಿದ್ದ.

ಏಳನೆಯದನ್ನು ತಂದವರು ರಾಜೀವಣ್ಣ. ದೂರದ ನೆಂಟರು, ಗಂಗೊಳ್ಳಿ ಬಂದರಿನ ಹರಾಜಿನಲ್ಲಿ ಮೀನಿನ ಏಲಂ ಕೂಗುವವರು. ಕೂಗಿ ಕೂಗಿ ಅಭ್ಯಾಸವಾಗಿ ಮನೆಯೊಳಗೆ ಕುಳಿತಾಗಲೂ ಅವರ ದನಿ ಏಲಂ ದನಿಯೇ. ನಮ್ಮ ಹತ್ತಿರದ ಅಂಗಡಿಗೆ ಫೋನ್ ಮಾಡಿ ಅಮ್ಮನಿಗೆ ಸುದ್ದಿ ಮುಟ್ಟಿಸಿದ್ದರು: ಭಾನುವಾರ ಬೆಳಿಗ್ಗೆ, ನಾವುಂದದ ಕೋಟೆಮನೆ, ಒಳ್ಳೆಯ ಜನ, ಹೆಮ್ಮಾಡಿಯಲ್ಲಿ ನಾನೂ ಕಾರು ಹತ್ತುತ್ತೇನೆ. ಅಷ್ಟೇ. ಹೆಣ್ಣಿನ ಹೆಸರು ಹೇಳಿದ್ದರೋ ಇಲ್ಲವೋ, ಅಂಗಡಿಯವನ ಬಾಯಿ ದಾಟಿ ನಮ್ಮ ಮನೆ ತಲುಪುವಾಗ ಹೆಸರು ಇರಲಿಲ್ಲ.

ಭಾನುವಾರ ಅಂಬಾಸಿಡರ್ ಕಾರಿನಲ್ಲಿ ನಾನು, ಅಮ್ಮ, ಅಣ್ಣ ಹೊರಟೆವು. ಹೆಮ್ಮಾಡಿಯಲ್ಲಿ ಅರ್ಧ ಗಂಟೆ ಕಾದರೂ ರಾಜೀವಣ್ಣನ ಪತ್ತೆ ಇಲ್ಲ. ಆ ದಿನ ಬೋಟುಗಳಿಗೆ ರಾಶಿ ಬಂಗುಡೆ ಬಿದ್ದಿತ್ತು, ಏಲಂ ಬಿಟ್ಟು ಬರುವ ಹಾಗಿರಲಿಲ್ಲ ಎಂಬುದು ಮರುದಿನ ಗೊತ್ತಾಯಿತು. ಅಮ್ಮ ಒಳ್ಳೆಯ ಹೊತ್ತು ಮೀರುತ್ತದೆ ಎಂದು ಗಡಿಬಿಡಿ ಮಾಡಿದಳು. ನಾವೇ ಮುಂದೆ ಹೋದೆವು.

ನಾವುಂದದಲ್ಲಿ ಒಂದು ಚಾ ಅಂಗಡಿಯ ಎದುರು ಕಾರು ನಿಂತಿತು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿದೆ.

“ಹ್ವಾಯ್, ಕ್ವಾಟಿಮನಿ ಎಲ್ ಬತ್ತ್?”

“ಯಾವ ಕ್ವಾಟಿಮನಿ?” ಅಂಗಡಿಯವನು ಲೋಟ ತೊಳೆಯುತ್ತಲೇ ಕೇಳಿದ. “ಗುಡ್ಡಿ ಮೇಲಿಂದಾ, ಕಡ್ಲ್ ಬದಿದಾ?”

ಎರಡು ಇರಬಹುದು ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದು ಹತ್ತೊಂಬತ್ತರ ವಯಸ್ಸಿನಲ್ಲಿ ನನ್ನ ಬಾಯಿಗೆ ಬರುತ್ತಿರಲಿಲ್ಲ. ನಾವು ಕಡಲಿನವರು. ಕಡಲಿನವರು ಹೆಣ್ಣು ಹುಡುಕುವುದು ಕಡಲ ಬದಿಯಲ್ಲಿ. ಗುಡ್ಡೆ ಹತ್ತಿ ಹುಡುಕುತ್ತಾರೆಯೇ?

“ಕಡ್ಲ್ ಬದಿದ್,” ಅಂದೆ.

ಕಾರು ಪಡುವಣಕ್ಕೆ ತಿರುಗಿತು. ಅಮ್ಮನ ಎಡಗಿವಿ ಮಂದ, ಅವಳಿಗೆ ಈ ಮಾತು ಕೇಳಲಿಲ್ಲ. ಅಣ್ಣ ಆಚೆ ಕಿಟಕಿಯಿಂದ ಹೊರಗೆ ನೋಡುತ್ತಿದ್ದ.

ಮನೆ ಚಿಕ್ಕದು, ಆದರೆ ಅದರ ಪಂಚಾಂಗ, ಅಂದರೆ ಅಡಿಪಾಯದ ಕಟ್ಟೆ, ದೊಡ್ಡ ದೊಡ್ಡ ಚೌಕ ಕಲ್ಲಿನದು. ಆ ಮನೆಗೆ ಅಂಥ ಕಲ್ಲು ಹೊಂದುತ್ತಿರಲಿಲ್ಲ, ಚಿಕ್ಕ ಹುಡುಗಿಗೆ ಅಜ್ಜಿಯ ಬಳೆ ತೊಡಿಸಿದ ಹಾಗಿತ್ತು. ಹಿತ್ತಿಲಲ್ಲಿ ಯಾರೋ ಕಾಗೆಗೆ ಬೈಯುತ್ತಿದ್ದರು. ಜಗಲಿಯಲ್ಲಿ ಬಲೆ ಹಿಡಿದು ಕುಳಿತಿದ್ದ ಮನೆಯ ಯಜಮಾನ ಚೆನ್ನಯ್ಯ ಕಾರು ನೋಡಿ ಗಾಬರಿಯಿಂದ ಎದ್ದು ನಿಂತರು.

“ಹೆಣ್ಣ್ ಕಾಂಬುಕ್ ಬಂದದ್,” ಅಂದಳು ಅಮ್ಮ.

“ನೀವ್ ನಾಳಿಗ್ ಬತ್ರಿ ಅಂದ್ಹೇಳಿ ಮಾಡಿದ್ದೆ. ಅಡ್ಡಿಲ್ಲೆ, ಬನ್ನಿ, ಬನ್ನಿ.”

ಅವರು ಕಾಯುತ್ತಿದ್ದದ್ದು ಉಪ್ಪುಂದದ ಯಾವುದೋ ಗಂಡಿನ ಕಡೆಯವರನ್ನು. ನಾವು ಸಾಸ್ತಾನದವರು ಎಂದು ಮಾತಿನ ನಡುವೆ ತಿಳಿದಾಗ ಅವರ ಮುಖ ಒಂದು ಗಳಿಗೆ ಹೇಗೋ ಆಯಿತು. ಆದರೆ ಮನೆ ಬಾಗಿಲಿಗೆ ಕಾರಿನಲ್ಲಿ ಬಂದವರನ್ನು ‘ನಾನು ಕಾದದ್ದು ನಿಮ್ಮನ್ನಲ್ಲ’ ಎಂದು ಯಾವ ಅಪ್ಪ ಹಿಂದೆ ಕಳಿಸುತ್ತಾನೆ? ಬೇರೆ ಯಾರೋ ಹೇಳಿ ಕಳಿಸಿರಬೇಕು ಎಂದುಕೊಂಡು ಒಳಗೆ ಹೋಗಿ ಮಗಳನ್ನು ಕರೆದರು.

ಸುಗುಣ ಬಂದಳು. ಹಿತ್ತಿಲಲ್ಲಿ ಸಿಗಡಿ ಒಣಗಿಸುತ್ತಿದ್ದವಳು ಅವಸರದಲ್ಲಿ ಸೀರೆ ಬದಲಿಸಿ ಬಂದಿದ್ದಳು. ಹೊಲಿಗೆ ಕಲಿಯುತ್ತಿದ್ದ ನನ್ನ ಕಣ್ಣಿಗೆ ಎಲ್ಲಿ ನೂಲು ಬಿಟ್ಟಿದ್ದರೂ ಮೊದಲು ಅದೇ ಕಾಣುತ್ತಿತ್ತು. ಅವಳ ಕಿವಿಯ ಮೇಲಿನ ಕೂದಲಲ್ಲಿ ಒಂದು ಒಣ ಸಿಗಡಿಯ ಮೀಸೆ ಸಿಕ್ಕಿಕೊಂಡಿತ್ತು. ನಾನು ನಗು ತಡೆದುಕೊಂಡು ಅಣ್ಣನ ಕಡೆ ನೋಡಿದೆ. ಅಣ್ಣ ನೆಲ ನೋಡುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅವನು ಕೈ ತೊಳೆಯುವ ನೆಪದಲ್ಲಿ ಬಾವಿಕಟ್ಟೆಗೆ ಹೋದ. ಒಂದು ಕೈ ತೊಳೆಯಲು ಅಷ್ಟು ಹೊತ್ತು ಏಕೆ ಬೇಕಾಯಿತೋ. ಹಿಂದೆ ಬರುವಾಗ ಮರವಂತೆಯಲ್ಲಿ, ಒಂದು ಬದಿ ಕಡಲು ಒಂದು ಬದಿ ಹೊಳೆ ಇರುವಲ್ಲಿ, ಕೇಳದೆಯೇ ಬಾಯಿ ಬಿಟ್ಟ.

“ಅಡ್ಡಿಲ್ಲೆ ಅಂದ್ಹೇಳಿ ತಿಳ್ಸಿ.”

ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮರುದಿನ ಬೆಳಿಗ್ಗೆ ಅದೇ ಸೆರಗಿನಿಂದ ಹಣೆ ಒರೆಸಿಕೊಳ್ಳಬೇಕಾಯಿತು.

ರಾಜೀವಣ್ಣ ಮೊದಲ ಬಸ್ಸಿಗೇ ಬಂದಿದ್ದರು. “ಎಂತಕ್ ಹೋಯ್ಲಿಲ್ಲೆ ನೀವ್? ಅವ್ರ್ ಮಧ್ಯಾಹ್ನದ ವರಿಗೂ ಕಾದ್ರ್ ಅಂಬ್ರ್!” ಅವರು ಹೇಳಿದ್ದ ಕೋಟೆಮನೆ ಹೆದ್ದಾರಿಯ ಮೂಡು ಬದಿಯದು, ಗುಡ್ಡೆಯ ಮೇಲಿನದು. ಮೀನಿನ ವ್ಯಾಪಾರದವರು, ಸ್ವಂತ ಲಾರಿಯವರು. ಹೆಣ್ಣಿನ ಹೆಸರು ಪುಷ್ಪ. ನಾವು ಹೋಗಿ ಅವಲಕ್ಕಿ ತಿಂದು ಬಂದದ್ದು ಬೇರೆ ಕೋಟೆಮನೆಯಲ್ಲಿ.

ಅಮ್ಮ ನನ್ನ ಕಡೆ ತಿರುಗಿದಳು. “ದಾರಿ ಕೇಂಡದ್ ನೀ ಅಲ್ದಾ?”

“ಅಂಗ್ಡಿಯವ ತೋರ್ಸಿದ್,” ಅಂದೆ. ಪಾಪ, ಆ ಚಾ ಅಂಗಡಿಯವನ ತಲೆಗೆ ಕಟ್ಟಿಬಿಟ್ಟೆ. ಅವನು ಸರಿಯಾಗಿಯೇ ಕೇಳಿದ್ದ.

ಅಣ್ಣ ಅಂಗಳದಲ್ಲಿ ಬಲೆ ಸರಿಮಾಡುತ್ತಿದ್ದ. ತಲೆ ಎತ್ತದೆ, “ಕಂಡ್ ಬಂದ ಹೆಣ್ಣ್ ಒಂದೇ. ಅದೇ ಇರ್ಲಿ,” ಅಂದು, ಎದ್ದು ಕಡಲ ಕಡೆ ನಡೆದ. ಅಮ್ಮ ಅದಕ್ಕೆ ತನ್ನದೇ ಅರ್ಥ ಹಚ್ಚಿದಳು. ಒಬ್ಬರ ಮನೆಯಲ್ಲಿ ಹೆಣ್ಣು ನೋಡಿ, ತಿಂದು, ಆಮೇಲೆ ಮನೆ ತಪ್ಪಿತು ಎನ್ನುವುದು ಮರ್ಯಾದೆಯಲ್ಲ, ನನ್ನ ಮಗ ಅದಕ್ಕಾಗಿ ಒಪ್ಪಿದ್ದಾನೆ ಎಂದಳು. ರಾಜೀವಣ್ಣನೂ ಹಾಗೆಯೇ ನಂಬಿದರು. ನಾನೂ ನಂಬಿದೆ.

ಮದುವೆ ಫೆಬ್ರವರಿಯಲ್ಲಿ, ಕೋಟೇಶ್ವರದ ಒಂದು ಹಾಲ್‌ನಲ್ಲಿ. ಎರಡೂ ಕಡೆಯವರಿಗೆ ನಡುದಾರಿ ಎಂದು.

ಅತ್ತಿಗೆ ಬಂದ ಮೇಲೆ ನಮ್ಮ ಮನೆಗೆ ದನಿ ಬಂತು. ಅವಳದು ದೊಡ್ಡ ಗಂಟಲು, ದೊಡ್ಡ ನಗು. ಬೆಳಿಗ್ಗೆ ಮೀನಿನ ಬುಟ್ಟಿ ಹೊತ್ತು ಸಾಸ್ತಾನಕ್ಕೆ ಹೋದರೆ ಹತ್ತು ಗಂಟೆಗೆ ಬುಟ್ಟಿ ಖಾಲಿ. ಕಿವಿರು ಎತ್ತಿ ತೋರಿಸದೆ ಮೀನು ಕೊಟ್ಟವಳಲ್ಲ. ನಿನ್ನೆಯ ಮೀನಾದರೆ ‘ಇದ್ ನಿನ್ನಿದ್, ಹುಳಿ ಹಾಕಿ ಮಾಡ್ಕ್’ ಎಂದು ತಾನೇ ಹೇಳುತ್ತಿದ್ದಳು. ತವರೆಲ್ಲಿ ಎಂದು ಯಾರೋ ಕೇಳಿದ್ದಕ್ಕೆ ಕೋಟೆಮನೆ ಎಂದಿದ್ದಳು. ಅವರು ಪಕ್ಕದ ಕೋಟ ಎಂದುಕೊಂಡರು. ಅಂದಿನಿಂದ ಸಾಸ್ತಾನದ ಗಿರಾಕಿಗಳಿಗೆ ಅವಳು ‘ಕೋಟದ ಸುಗುಣ’. ಮೊದಲು ತಿದ್ದುತ್ತಿದ್ದಳು, ಆಮೇಲೆ ಬಿಟ್ಟಳು.

ತವರಿನ ಕಲ್ಲಿನ ಕಥೆ ಹೇಳುವುದೆಂದರೆ ಅವಳಿಗೆ ಎಲ್ಲಿಲ್ಲದ ಖುಷಿ. ನಾವುಂದದ ಆ ಗುಡ್ಡೆಯ ಮೇಲೆ ಯಾರದೋ ಕೋಟೆ ಇತ್ತಂತೆ. ಯಾರದು ಎಂದು ಯಾರಿಗೂ ಗೊತ್ತಿಲ್ಲ. ಅವಳ ಅಜ್ಜನ ಅಪ್ಪ ಬಿದ್ದ ಕಲ್ಲುಗಳನ್ನು ಎತ್ತಿನ ಗಾಡಿಯಲ್ಲಿ ಕೆಳಗೆ ತಂದು ಮನೆಗೆ ಪಂಚಾಂಗ ಹಾಕಿದ, ಬಾವಿಗೆ ಕಟ್ಟೆ ಕಟ್ಟಿದ. ಕಲ್ಲಿನ ಜೊತೆಗೆ ಹೆಸರೂ ಇಳಿದು ಬಂತು. “ಮೇಲಿನ ಮನಿಯವ್ರ್ ನಮ್ನ ಕಲ್ಲ್ ಕದ್ದವ್ರ್ ಅಂತ್ರ್. ಅವ್ರತ್ರ ಇಪ್ಪುದ್ ಬರೀ ಗುಡ್ಡಿ. ಕ್ವಾಟಿ ಇಪ್ಪುದ್ ನಮ್ಮನಿಯಗೆ,” ಎಂದು ಕೈ ಕುಣಿಸಿ ಹೇಳುತ್ತಿದ್ದಳು. ಎರಡೇ ವರ್ಷದಲ್ಲಿ ನಮ್ಮ ಮನೆಗೂ ಅವಳು ‘ನಮ್ಮನಿ’ ಎನ್ನಲು ಶುರುಮಾಡಿದ್ದಳು. ನಮ್ಮನಿ ಬಾವಿ, ನಮ್ಮನಿ ಬೆಕ್ಕು, ನಮ್ಮನಿ ವನಜ.

ಎರಡು ಸಾವಿರನೇ ಇಸವಿಯಲ್ಲಿ ಮಗಳು ದೀಕ್ಷಾ ಹುಟ್ಟಿದಳು. ಹೆಸರಿಡುವ ದಿನ ರಾಜೀವಣ್ಣ ಹೊಟ್ಟೆ ತುಂಬ ಉಂಡು, ಎಲೆಅಡಿಕೆ ಬಾಯಿಗೆ ಹಾಕಿ, ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡರು. ಕೆಟ್ಟ ಮನುಷ್ಯರಲ್ಲ. ನಾಲಿಗೆಗೆ ಬಾಗಿಲಿಲ್ಲ, ಅಷ್ಟೇ.

“ನಾನ್ ಹೇಳದ್ ಮೇಲಿನ ಕ್ವಾಟಿಮನಿ. ಇವ್ರ್ ಹೋದ್ದ್ ಕೆಳ್ಗಿನ ಕ್ವಾಟಿಮನಿಗೆ,” ಎಂದು ಎಲ್ಲರಿಗೂ ಕೇಳುವ ಹಾಗೆ ನಕ್ಕರು. “ನಿನ್ನಮ್ಮ ವಿಳಾಸ ತಪ್ಪಿ ಬಂದ ಕಾಗ್ದ ಮಗಾ. ತಪ್ಪಿ ಬಂದ್ರೂ ಚಲೋ ಕಾಗ್ದವೇ.”

ಕೆಲವರು ನಕ್ಕರು. ಅಣ್ಣ ಹೊರಗೆ ಪಾತ್ರೆ ಇಳಿಸುತ್ತಿದ್ದ, ಅವನಿಗೆ ಕೇಳಿಸಲಿಲ್ಲ. ಅತ್ತಿಗೆ ಪಾಯಸ ಬಡಿಸುತ್ತಿದ್ದಳು. ಕೈ ನಿಲ್ಲಲಿಲ್ಲ, ಮುಂದಿನ ಎಲೆಗೂ ಬಡಿಸಿದಳು. ಆಮೇಲೆ ಒಳಗೆ ಬಂದು ನನ್ನನ್ನು ಕೇಳಿದಳು, “ಹೌದಾ?”

ಹೌದು ಎಂದೆ. ಮರ್ಯಾದೆಯ ಮಾತು ಎಂದು ಅಣ್ಣ ಒಪ್ಪಿದ, ಈಗ ಎಲ್ಲ ಸರಿಯಿದೆಯಲ್ಲ ಎಂದೂ ಸೇರಿಸಿದೆ. ಸಮಾಧಾನ ಮಾಡುತ್ತಿದ್ದೇನೆ ಎಂದುಕೊಂಡು ಗಾಯಕ್ಕೆ ಉಪ್ಪು ಹಾಕಿದ್ದೆ. ತಪ್ಪು ದಾರಿ ತೋರಿಸಿದವಳು ನಾನೇ ಎಂದು ಮಾತ್ರ ಹೇಳಲಿಲ್ಲ.

ಅದರ ನಂತರ ಅವಳು ‘ನಮ್ಮನಿ’ ಎನ್ನುವುದನ್ನು ಬಿಟ್ಟಳು. ಒಂದೇ ದಿನದಲ್ಲಿ ಅಲ್ಲ. ನನಗೆ ಗೊತ್ತಾಗುವಾಗ ಕೆಲವು ತಿಂಗಳು ಆಗಿರಬೇಕು. ‘ನಿಮ್ಮನಿ ಬಾವಿ ನೀರ್ ಸಿಹಿ ವನಜ’ ಎಂದಳು ಒಂದು ದಿನ. ಮತ್ತೊಂದು ದಿನ ಅಮ್ಮನ ಹತ್ತಿರ ‘ನಿಮ್ಮನಿ ಪದ್ಧತಿ ಹ್ಯಾಂಗೆ, ಹಾಂಗೇ ಮಾಡ್ವ’ ಎಂದಳು. ಕೆಲಸದಲ್ಲಿ ಒಂದಿಷ್ಟೂ ಕಡಿಮೆಯಿಲ್ಲ, ಹೆಚ್ಚೇ ಮಾಡಿದಳು. ನೆಂಟರ ಮನೆಗೆ ಹೋದವರು ಮಾಡುವ ಹಾಗೆ, ಯಾರೂ ಹೇಳುವ ಮೊದಲೇ ಎದ್ದು ಮಾಡುತ್ತಿದ್ದಳು. ನನಗೆ ಮದುವೆಯಾಗಿ ಬ್ರಹ್ಮಾವರಕ್ಕೆ ಹೊರಟಾಗ ಕಪಾಟಿನ ಎರಡು ಅರೆ ಖಾಲಿ ಮಾಡಿಕೊಟ್ಟಿದ್ದೆ. ಅವಳು ಅದರಲ್ಲಿ ದೀಕ್ಷಾಳ ಬಟ್ಟೆ ಇಟ್ಟಳು, ಅಣ್ಣನದು ಇಟ್ಟಳು. ತನ್ನ ಸೀರೆಗಳನ್ನು ತವರಿನಿಂದ ತಂದ ಟ್ರಂಕಿನಲ್ಲೇ ಮಡಚಿ ಮಂಚದಡಿ ಇಡುತ್ತಿದ್ದಳು. ಮದುವೆಯಾಗಿ ಎಷ್ಟು ವರ್ಷವಾದರೂ ಆ ಟ್ರಂಕು ಕಪಾಟಿಗೆ ಖಾಲಿಯಾಗಲಿಲ್ಲ.

ನನಗೆ ಅಣ್ಣನ ಮೇಲೆ ಸಿಟ್ಟು ಬರುತ್ತಿತ್ತು. ಹೆಂಡತಿ ನಗು ಕಡಿಮೆ ಮಾಡಿದ್ದು ಈ ಮನುಷ್ಯನಿಗೆ ಕಾಣುವುದಿಲ್ಲವೇ? ಕಡಲಿನಲ್ಲಿ ನೀರಿನ ಬಣ್ಣ ನೋಡಿ ಮೀನು ಎಲ್ಲಿದೆ ಎನ್ನುತ್ತಾನೆ! ಆದರೆ ಅವನನ್ನು ಕೇಳಬೇಕಾದರೆ ನನ್ನ ಗುಟ್ಟೂ ಹೊರಗೆ ಬರುತ್ತದಲ್ಲ. ಅದಕ್ಕೆ ಬಾಯಿ ಮುಚ್ಚಿಕೊಂಡೆ. ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತಿತ್ತು.

ಎರಡು ಸಾವಿರದ ಆರರಲ್ಲಿ ಕೋಟೇಶ್ವರದಲ್ಲಿ ಒಂದು ಮದುವೆಗೆ ನಾವಿಬ್ಬರೂ ಹೋಗಿದ್ದೆವು. ಊಟಕ್ಕೆ ಕುಳಿತಾಗ ಎದುರು ಪಂಕ್ತಿಯಲ್ಲಿದ್ದ ಒಬ್ಬಾಕೆಯನ್ನು ಯಾರೋ ಪರಿಚಯ ಮಾಡಿಸಿದರು. ಮುಂಬೈಯಲ್ಲಿ ಗಂಡನ ಹೋಟೆಲು, ರಜೆಗೆ ಊರಿಗೆ ಬಂದದ್ದು. ನಾವುಂದದ ಮೇಲಿನ ಕೋಟೆಮನೆಯ ಪುಷ್ಪ. ಅವಳಿಗೆ ಹಿಂದಿನದೇನೂ ನೆನಪಿದ್ದಂತಿರಲಿಲ್ಲ. “ಓ, ನೀವ್ ಕೆಳ್ಗಿನ ಕ್ವಾಟಿಮನಿಯವ್ರಾ? ಹಾಂಗಾರೆ ನಾವಿಬ್ರೂ ಒಂದೇ ಮನಿಯವ್ರ್,” ಎಂದು ಅತ್ತಿಗೆಯ ಕೈ ಹಿಡಿದು ನಕ್ಕಳು. ಬೆಳ್ಳಗೆ, ತುಂಬಿದ ಕೈ, ಒಳ್ಳೆಯ ನಗು. ಬೈಯೋಣವೆಂದರೂ ಬೈಯಲು ಏನೂ ಸಿಗಲಿಲ್ಲ.

ಹಿಂದೆ ಬರುವಾಗ ಬಸ್ಸು ತೆಕ್ಕಟ್ಟೆ ದಾಟಿತು. ಅತ್ತಿಗೆ ತನ್ನ ಅಂಗೈ ನೋಡಿಕೊಂಡಳು. ಬುಟ್ಟಿ ಎತ್ತಿ, ಮೀನು ಕೊಯ್ದು ಒಡೆದ ಅಂಗೈ.

“ಚಂದ ಇತ್ಲ್, ಅಲ್ದಾ?”

“ಎಂತ ಚಂದ, ಪೌಡ್ರ್,” ಅಂದೆ.

“ಇಲ್ಲೆ ವನಜ, ಚಂದವೇ. ಕಾಣ್, ನಿನ್ನಣ್ಣ ಒಂದ್ ದಿನ ಆದ್ರೂ ನಂಗ್ ಅದ್ನ ಆಡಿ ತೋರ್ಸ್ಲಿಲ್ಲೆ. ಒಳ್ಳೆ ಜನ. ಮರ್ಯಾದಿಗ್ ಕಟ್ಕಂಡವ್ರ್ ಹನ್ನೆರಡ್ ಆಣಿ ಚಂದ ಮಾಡಿ ಬಾಳ್ಸಿದ್ರ್. ಉಳ್ದ ನಾಕಾಣಿ ಕೇಂಬುಕೆ ನಂಗ್ ಹಕ್ಕಿಲ್ಲೆ.”

ಅವಳ ಕಣ್ಣಲ್ಲಿ ನೀರಿರಲಿಲ್ಲ. ನನ್ನ ಕಣ್ಣಲ್ಲಿ ಬಂತು. ಕೋಟದಲ್ಲಿ ಬಸ್ಸು ನಿಂತಾಗ ಹೇಳಿಬಿಡೋಣ ಎಂದುಕೊಂಡೆ, ಸಾಲಿಗ್ರಾಮದಲ್ಲೂ ಅಂದುಕೊಂಡೆ. ಸಾಸ್ತಾನ ಬಂತು. ಅವಳು ಇಳಿದು ಹೋದಳು.

ಎರಡು ಸಾವಿರದ ಹನ್ನೆರಡರ ಮಳೆಗಾಲ ನಾವುಂದದ ಕಡಲು ಮುನಿಯಿತು. ಮೊದಲು ತೆಂಗಿನ ಮರಗಳು ಹೋದವು, ಆಮೇಲೆ ಕೆಳಗಿನ ಕೋಟೆಮನೆಯ ಅಂಗಳ, ಜಗಲಿ. ಅತ್ತಿಗೆಯ ತಮ್ಮ ಹೆದ್ದಾರಿ ಬದಿಯಲ್ಲಿ ಬಾಡಿಗೆ ಮನೆ ಮಾಡಿದ. ಚೆನ್ನಯ್ಯ ಮಳೆ ಮುಗಿಯುವವರೆಗೆ ಎಂದು ಮಗಳ ಮನೆಗೆ ಬಂದರು. ಬೋಟಿಗೆ ರಜೆಯ ಕಾಲ, ಅಣ್ಣ ಊರಲ್ಲೇ ಇದ್ದ. ಅವನು ಯಾರಿಗೂ ಏನೂ ಹೇಳದೆ ಒಂದು ಟೆಂಪೊ ಗೊತ್ತು ಮಾಡಿಕೊಂಡು ದಿನಾ ನಾವುಂದಕ್ಕೆ ಹೋಗತೊಡಗಿದ. ಕಡಲು ಒಂದು ಕಡೆಯಿಂದ ಎಳೆಯುತ್ತಿದ್ದರೆ ಇವನು ಇನ್ನೊಂದು ಕಡೆಯಿಂದ ಪಂಚಾಂಗದ ಕಲ್ಲು, ಬಾವಿಕಟ್ಟೆಯ ಕಲ್ಲು ಬಿಡಿಸಿ ತಂದ. ನಮ್ಮ ಅಂಗಳದ ಮೂಲೆಯಲ್ಲಿ ಕಲ್ಲಿನ ರಾಶಿ ಬೆಳೆಯಿತು. ಎಂತಕ್ಕೆ ಎಂದು ಅತ್ತಿಗೆ ಕೇಳಿದರೆ, “ಇರ್ಲಿ.”

ಮಳೆ ಮುಗಿದ ಮೇಲೆ ನಮ್ಮ ಹಳೆ ಮನೆಯ ಮುಂಭಾಗ ಕೆಡವಿ ಹೊಸದಾಗಿ ಕಟ್ಟಿಸಿದ. ಅಮ್ಮ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆ ಕಲ್ಲುಗಳೇ ಜಗಲಿಯ ಪಂಚಾಂಗವಾದವು, ಬಾವಿಕಟ್ಟೆಯ ಉದ್ದ ಕಲ್ಲು ಬಾಗಿಲಿನ ಮೆಟ್ಟಿಲಾಯಿತು. ಜನವರಿಯ ಒಂದು ಬೆಳಿಗ್ಗೆ ನಾನು ಕಿಟಕಿ ಪರದೆಗೆ ಅಳತೆ ತೆಗೆಯಲು ಹೋಗಿದ್ದೆ. ಗೇಟಿನ ಕಂಬಕ್ಕೆ ಹೆಸರಿನ ಕಲ್ಲು ಕೆತ್ತುವವನು ಬಂದು ನಿಂತಿದ್ದ.

“ಎಂತ ಹೆಸ್ರ್ ಬರಿಕ್?”

“ಕೋಟೆಮನೆ,” ಅಂದ ಅಣ್ಣ.

ಅತ್ತಿಗೆ ಒಳಗಿನಿಂದ ಬಂದಳು. ಕೈಯಲ್ಲಿ ಮೀನು ಕೊಯ್ಯುವ ಕತ್ತಿ ಹಾಗೆಯೇ ಇತ್ತು.

“ಬೇಡ. ಅದ್ ಹಾಕ್ಬೇಡಿ.”

ಕೆತ್ತುವವನು ಅವಳ ಮುಖ ನೋಡಿ, ಅವಳ ಕತ್ತಿ ನೋಡಿ, ಬೀಡಿ ಸೇದಿ ಬರುತ್ತೇನೆ ಎಂದು ಗೇಟಿನ ಆಚೆ ಹೋದ.

“ಎಂತಕ್ ಬೇಡ?” ಅಣ್ಣ ಕೇಳಿದ.

“ಅದ್ ನೀವ್ ತಪ್ಪಿ ಹೊಕ್ಕ್ ಬಂದ ಮನಿ ಹೆಸ್ರ್. ಗೇಟಿಗ್ ಬ್ಯಾರೆ ಹಾಕ್ಕಾ? ನಿಮ್ಮನಿಗೆ ನಿಮ್ಮ ಹೆಸ್ರೇ ಇರ್ಲಿ. ನಂಗೆಲ್ಲ ಗೊತ್ತಿತ್. ದೀಕ್ಷಾಳ ಹೆಸ್ರಿಟ್ಟ ದಿನವೇ ಗೊತ್ತಿತ್. ನೀವ್ ಕಾಂಬುಕ್ ಹೊರ್ಟದ್ ಪುಷ್ಪನ.”

ಹನ್ನೆರಡು ವರ್ಷದ ಮಾತು ಒಂದೇ ಉಸಿರಿಗೆ ಬಂತು. ಅಣ್ಣ ಹೊಸ ಮೆಟ್ಟಿಲಿನ ಮೇಲೆ ಕುಳಿತ. ನಾನು ಟೇಪು ಹಿಡಿದು ಕಿಟಕಿಯ ಹತ್ತಿರ ನಿಂತೇ ಇದ್ದೆ. ಅವನು ‘ಇರ್ಲಿ’ ಎಂದು ಎದ್ದು ಹೋದರೆ ಈ ಟೇಪಿನಲ್ಲೇ ಅವನ ಕುತ್ತಿಗೆ ಬಿಗಿಯುತ್ತಿದ್ದೆ. ಅವನು ಏಳಲಿಲ್ಲ.

“ಪುಷ್ಪನ ಪಟ ನನ್ ಕಿಸಿಯಗೆ ಇದ್ದಿತ್,” ಅಂದ. “ರಾಜೀವಣ್ಣ ಬಂದರಗೆ ಕೊಟ್ಟಿದ್ರ್. ಅಮ್ಮಂಗ್ ತೋರ್ಸುಕೆ ನಾಚ್ಕಿಯಾಯ್ತ್, ತೋರ್ಸ್ಲಿಲ್ಲೆ. ಕಾರ್ ಇಳೂಕೂ ಹಿತ್ಲಗೆ ನೀ ಕಂಡೆ. ಪಟದವ್ಳ್ ಅಲ್ಲ, ಮನಿ ತಪ್ಪಿತ್ ಅಂದ್ಹೇಳಿ ಆಗ್ಳೇ ಗೊತ್ತಾಯ್ತ್.”

“ಮತ್ತೆಂತಕ್ ಕೂತ್ರಿ?”

“ನೀ ಕಾಗಿಗ್ ಬೈತಿದ್ದೆ. ‘ನಿಂಗ್ ಮನಿ ಮಠ ಇಲ್ಯಾ, ದಿನಾ ನಮ್ಮನಿಯೇ ಆಯ್ಕಾ’ ಅಂದ್ಹೇಳಿ. ನಂಗ್ ನೆಗಿ ಬಂತ್. ಇಷ್ಟ್ ಜೋರಗೆ ನಮ್ಮನಿ ಅಂಬು ಹೆಣ್ಣ್ ನಮ್ಮನಿಗೂ ಒಂದ್ ಬೇಕ್ ಅಂದ್ಹೇಳಿ ಕಂಡಿತ್. ಬಾವಿಕಟ್ಟಿಗ್ ಹೋಯಿ ಪಟ ಕಲ್ಲಿನ ಸಂದಿಯಗೆ ತುರ್ಕ್ ಬಂದೆ. ಅಮ್ಮನ ಕೈಗ್ ಸಿಕ್ಕಿರೆ ಎಬ್ಸ್ಕಂಡ್ ಹೋತಿದ್ಲ್.”

ಅಣ್ಣನ ಬಾಯಿಂದ ಅಷ್ಟು ಮಾತು ಒಟ್ಟಿಗೆ ಬಂದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅವನು ಇನ್ನೂ ಮುಗಿಸಿರಲಿಲ್ಲ.

“ನೀ ನಮ್ಮನಿ ಅಂಬುದ್ ಬಿಟ್ಟದ್ ನಂಗ್ ಗೊತ್ತಾಯಿತ್. ಎಂತಕ್ ಬಿಟ್ಟೆ ಅಂದ್ಹೇಳಿ ಗೊತ್ತಾಯ್ಲಿಲ್ಲೆ. ಕೇಂಬುಕ್ ಬರ್ಲಿಲ್ಲೆ. ನಿನ್ ಮನಿ ಕಲ್ಲ್ ತಂದ್ ಹಾಕಿ, ಹೆಸ್ರೂ ಹಾಕಿರೆ, ಮತ್ತೆ ನಮ್ಮನಿ ಅಂತೆ ಕಾಂಬ ಅಂದ್ಹೇಳಿ ಮಾಡಿದೆ.”

ಕೇಳಲು ಬರಲಿಲ್ಲವಂತೆ! ಹದಿನೈದು ವರ್ಷ ಒಂದೇ ಮನೆಯಲ್ಲಿ ಉಂಡು ಮಲಗಿದವನಿಗೆ ಒಂದು ಮಾತು ಕೇಳಲು ಬರಲಿಲ್ಲ, ಟೆಂಪೊದಲ್ಲಿ ಇಡೀ ಕೋಟೆ ಹೊತ್ತು ತರಲು ಬಂತು. ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ, ಮಳೆ ಮುಗಿದರೂ ಮಗಳ ಮನೆಯಲ್ಲೇ ಉಳಿದಿದ್ದ ಚೆನ್ನಯ್ಯ ಮೂಲೆಯ ಕುರ್ಚಿಯಿಂದ ಕೆಮ್ಮಿದರು.

“ಆ ಪಟ ನಂಗ್ ಸಿಕ್ಕಿತ್,” ಎಂದರು. “ನೀವ್ ಹೋದ ಮರ್ದಿನ, ಬಾವಿಗ್ ಹೋದತಿಗೆ. ಕಂಡ್ರೆ ಮೇಲಿನ ಮನಿ ಪುಷ್ಪ. ಎದಿ ಧಸಕ್ ಅಂತ್. ದಾರಿಯಗೆ ಬಿದ್ದಿತ್ ಅಂದ್ಹೇಳಿ ಅವ್ರ್ ಮನಿಗೇ ಕೊಟ್ಟ್ ಬಂದೆ. ಮಗ್ಳಿಗ್ ಹೇಳ್ಲಿಲ್ಲೆ. ಪಟ ಬಿಟ್ಟ್ ಹೋದವ ಹೆಣ್ಣ್ ಬಿಟ್ಟ್ ಹೋತಿಲ್ಲೆ ಅಂದ್ಹೇಳಿ ನಂಗ್ ಧೈರ್ಯ ಇದ್ದಿತ್.”

ಎಲ್ಲರೂ ಹೇಳಿಯಾಯಿತು. ಉಳಿದದ್ದು ನಾನೊಬ್ಬಳೇ. ನಾನು ಟೇಪನ್ನು ಸುತ್ತಿ ಸುತ್ತಿ ಚಿಕ್ಕದು ಮಾಡಿದೆ.

“ಅತ್ಗಿ, ದಾರಿ ತಪ್ಸಿದ್ ನಾನ್. ಅಂಗ್ಡಿಯವ ಎರಡಿತ್ ಅಂದ. ಕಡ್ಲ್ ಬದಿದ್ ಅಂದ್ ಹೇಳದ್ ನಾನ್.”

ಅವಳು ನನ್ನನ್ನು ನೋಡಿದಳು. ಆಮೇಲೆ ಕತ್ತಿಯನ್ನು ಜಗಲಿಯ ಮೇಲಿಟ್ಟು ಕುಳಿತು ನಗತೊಡಗಿದಳು. ಹಳೆಯ ನಗು, ಗಂಟಲು ತುಂಬ. ನಗುತ್ತಾ ನಗುತ್ತಾ ಅದು ಅಳುವಾಯಿತು, ಮತ್ತೆ ನಗುವಾಯಿತು.

“ಹಾಂಗಾರೆ ಮದಿ ಮಾಡ್ಸಿದ್ ನೀನಾ? ಆ ರಾಜೀವಣ್ಣಂಗ್ ವೇಷ್ಟಿ ಕೊಟ್ಟದ್ ದಂಡ ಆಯ್ತಲೆ ಮಾರಾಯ್ತಿ. ನಿಂಗೊಂದ್ ಸೀರಿ ಕೊಡ್ಕಿದ್ದಿತ್.”

ನಾನು ಅವಳ ಮಡಿಲಲ್ಲಿ ಮುಖ ಇಟ್ಟು ಅತ್ತೆ. ಸೀರೆಯೆಲ್ಲ ಮೀನಿನ ವಾಸನೆ. ಅಣ್ಣ ಎದ್ದು ಗೇಟಿನ ಕಡೆ ಹೋಗಿ ಕೆತ್ತುವವನನ್ನು ಕರೆದ.

ಮನೆ ಒಕ್ಕಲು, ಅಂದರೆ ಗೃಹಪ್ರವೇಶ, ಮಾರ್ಚಿನಲ್ಲಿ. ಹಿಂದಿನ ದಿನವೇ ಹೋಗಿ ನಾನು ಅಡಿಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದೆ. ಅಂಗಳದಲ್ಲಿ ಅತ್ತಿಗೆಯ ಟ್ರಂಕು ಬಾಯಿ ತೆರೆದು ಬಿಸಿಲಿಗೆ ಬಿದ್ದಿತ್ತು, ಒಳಗೆ ಏನೂ ಇರಲಿಲ್ಲ. ಅವಳ ಮೊಬೈಲ್ ರಿಂಗಾಯಿತು. ಆಚೆಯಿಂದ ಬಂದ ದನಿ ತುರಿಮಣೆಯ ಹತ್ತಿರ ಕುಳಿತ ನನಗೂ ಕೇಳಿತು. ರಾಜೀವಣ್ಣ ಮುದುಕರಾಗಿದ್ದರು, ಏಲಂ ದನಿ ಮಾತ್ರ ಹಾಗೆಯೇ ಇತ್ತು. ಹೆದ್ದಾರಿ ಅಗೆದು ಹಾಕಿದ್ದಾರೆ, ಎಲ್ಲಿ ಇಳಿಯುವುದು, ಏನೆಂದು ಕೇಳುವುದು ಎಂದು ಕೇಳುತ್ತಿದ್ದರು.

“ಸಾಸ್ತಾನದಗೆ ಇಳ್ದ್ ಪಡುಬದಿಗೆ ಬನ್ನಿ,” ಅಂದಳು ಅತ್ತಿಗೆ. “ಕ್ವಾಟಿಮನಿ ಅಂದ್ರೆ ಯಾರೂ ತೋರ್ಸ್ತ್ರ್.”

“ಯಾವ ಕ್ವಾಟಿಮನಿ ಮಾರಾಯ್ತಿ? ಮೊದ್ಲೇ ಒಂದ್ಸಲ ತಪ್ಪಿತ್!”

“ಕಡ್ಲ್ ಬದಿದ್,” ಅಂದಳು. ಅಂಗಳದಲ್ಲಿ ಟ್ರಂಕಿನ ಅಂಚಿನ ಮೇಲೆ ಒಂದು ಕಾಗೆ ಬಂದು ಕುಳಿತಿತ್ತು. ಅದನ್ನು ಓಡಿಸಲು ಕೈ ಬೀಸುತ್ತಾ, ಫೋನಿಗೆ ಸ್ವಲ್ಪ ಜೋರಾಗಿ ಹೇಳಿದಳು, “ನಮ್ಮನಿ.”